ಮನೆಗೂ ಒಂದು ಮಳೆಗಾಲದ ವೇಳಾಪಟ್ಟಿ



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಕಡೆ ಐಟಿ ಕೆಲಸಕ್ಕೆ ಬಂದು ನೆಲೆಸಿರೋ ಕನ್ನಡದವರಿಗೆ ಇವತ್ತಿನ ಮಾತು. ಅದರಲ್ಲೂ ಈ ಜೂನ್‌ನಲ್ಲಿ ಇಲ್ಲಿನ ಮೊದಲ ಮಳೆಗಾಲ ನೋಡೋರಿಗೆ.

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಲ್ಲಿ ಉಡುಪಿ, ಮಂಗಳೂರಿಗೆ ಹೋಗೋರು ಇದೀರಲ್ಲ, ಮಳೆಗಾಲದಲ್ಲಿ ಅದರ ಸಮಯ ಬದಲಾಗೋದನ್ನ ಗಮನಿಸಿದೀರಾ? ಕೊಂಕಣ ರೈಲ್ವೆಗೆ ಮಳೆಗಾಲದ್ದೇ ಬೇರೆ ವೇಳಾಪಟ್ಟಿ ಇದೆ. ಬಹಳ ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರ್ತಿತ್ತು. ಅದೇ ರೈಲು, ಅದೇ ಹಳಿ, ಆದರೆ ವೇಗ ಕಡಿಮೆ. ಮಳೆ ಜೋರಾಗಿ ದಾರಿ ಕಾಣದೇ ಹೋದರೆ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಅಂತ ಚಾಲಕರಿಗೆ ಸೂಚನೆ ಇರುತ್ತೆ. ಹಳಿ ಪಕ್ಕದಲ್ಲಿ ರಾತ್ರಿಯೆಲ್ಲ ಗಸ್ತು ತಿರುಗೋ ಜನ ಇರ್ತಾರೆ.

ಇಷ್ಟು ಎಚ್ಚರ ಯಾಕೆ? 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಬರ್ತಿದ್ದ ರೈಲು ವೈಭವವಾಡಿ ಹತ್ತಿರ, ಗುಡ್ಡದಿಂದ ಉರುಳಿದ್ದ ಬಂಡೆಗೆ ಬಡಿದು 50ಕ್ಕೂ ಹೆಚ್ಚು ಜನ ತೀರಿಕೊಂಡರು. ರಜೆ ಮುಗಿಸಿ ವಾಪಸ್ ಬರ್ತಿದ್ದವರು. ಮರುವರ್ಷ, 2004ರ ಜೂನ್ 16ಕ್ಕೆ, ಮತ್ಸ್ಯಗಂಧಾ ರೈಲೇ ಕರಂಜಾಡಿ ಬಳಿ ಹಳಿ ತಪ್ಪಿತು. ಈ ನಾಲ್ಕು ತಿಂಗಳನ್ನ ಉಳಿದ ಎಂಟು ತಿಂಗಳ ಹಾಗೆ ನಡೆಸೋಕಾಗಲ್ಲ ಅನ್ನೋದು ರೈಲ್ವೆಗೆ ಗೊತ್ತು.

ನಮಗೆ ಗೊತ್ತಾ? ನಾವು ಮಳೆಯನ್ನ ಒಂದು ಘಟನೆ ಅಂದುಕೊಂಡಿದೀವಿ. ಫೋನ್‌ಗೆ ಅಲರ್ಟ್ ಬರುತ್ತೆ, ಗುಂಪಿಗೆ ಫಾರ್ವರ್ಡ್ ಮಾಡ್ತೀವಿ, ಕೊಡೆ ತಗೊಂಡು ಹೊರಡ್ತೀವಿ. ಆದರೆ ಅದು ಒಂದು ಕಾಲ. ಕಾಲಕ್ಕೆ ಮುಂಚೆಯೇ ಸಿದ್ಧ ಆಗಬೇಕು.

ಊರಿನವರು ಮಾಡ್ತಿದ್ದದ್ದು

ಮಲೆನಾಡಲ್ಲಿ, ಕರಾವಳಿಯಲ್ಲಿ ಬೆಳೆದವರಿಗೆ ಇದನ್ನ ಹೊಸದಾಗಿ ಹೇಳಬೇಕಿಲ್ಲ. ಮೃಗಶಿರ ಮಳೆ ಹಿಡಿಯೋದ್ರೊಳಗೆ ಕಟ್ಟಿಗೆ ಒಳಗೆ ಸೇರಿರಬೇಕು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಭರಣಿಗೆ ಬಿದ್ದಿರಬೇಕು. ಎರಚಲು ಹೊಡೆಯದ ಹಾಗೆ ಜಗಲಿಗೆ ತಟ್ಟಿ ಕಟ್ಟಿರಬೇಕು. ಹಳ್ಳದ ಸಂಕ ಗಟ್ಟಿ ಇದೆಯಾ ಅಂತ ನೋಡಿರಬೇಕು. ಆಮೇಲೆ ಹಳ್ಳ ತುಂಬಿದ ದಿನ ಯಾರೂ 'ದಾಟೋದಾ ಬೇಡ್ವಾ' ಅಂತ ಚರ್ಚೆ ಮಾಡ್ತಿರಲಿಲ್ಲ. ದಾಟಲ್ಲ, ಅಷ್ಟೇ. ಆ ತೀರ್ಮಾನ ಬೇಸಿಗೆಯಲ್ಲೇ ಆಗಿರ್ತಿತ್ತು.

ಹಿಮದ ನಾಡಲ್ಲೂ ಇದೇ. ಇಟಲಿಯ ಬೆಟ್ಟದ ಕಡೆಯ ರಸ್ತೆಗಳಲ್ಲಿ ಸಾಮಾನ್ಯವಾಗಿ ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಕಾರಿಗೆ ಚಳಿಗಾಲದ ಟೈರ್ ಇರಬೇಕು, ಇಲ್ಲವೇ ಹಿಮದ ಚೈನ್ ಜೊತೆಗಿರಬೇಕು. ಇವತ್ತು ಹಿಮ ಬಿದ್ದಿದೆಯಾ ಅಂತ ನೋಡಲ್ಲ. ತಾರೀಕು ಬಂತು ಅಂದರೆ ನಿಯಮ ಬಂತು.

ಅಂಥ ಜಾಗದಲ್ಲೂ ಹೊತ್ತು ಮೀರಿದರೆ ಏನಾಗುತ್ತೆ ಅನ್ನೋದಕ್ಕೆ ರಿಗೊಪಿಯಾನೊ ಹೋಟೆಲಿನ ಕತೆ ಇದೆ. 2017ರ ಜನವರಿ 18. ಅಬ್ರುಝ್ಝೊ ಪ್ರಾಂತ್ಯದ ಬೆಟ್ಟದ ಹೋಟೆಲು. ಬೆಳಿಗ್ಗೆ ಭೂಕಂಪ ಆಯ್ತು, ಅತಿಥಿಗಳು ಹೊರಡೋಕೆ ಸಿದ್ಧರಾದರು. ಆದರೆ ರಸ್ತೆ ತುಂಬ ಹಿಮ. ಹಿಮ ತೆಗೆಯೋ ಯಂತ್ರಕ್ಕೆ ಕಾಯ್ತಾ ಕೂತರು. ಸಂಜೆ ಹಿಮಕುಸಿತ ಬಂದು ಹೋಟೆಲನ್ನೇ ಮುಚ್ಚಿತು. 29 ಜನ ಹೋದರು. ಅವರ ತಪ್ಪೇನಿರಲಿಲ್ಲ. ಹೊರಡಬೇಕು ಅಂತ ಅನ್ನಿಸುವ ಹೊತ್ತಿಗೆ ಹೊರಡುವ ದಾರಿ ಮುಚ್ಚಿತ್ತು.

ಪುಷ್ಯ ಮಳೆಯ ಎರಡು ದಿನ

ಈಗ ನಮ್ಮ ಜಾಗಕ್ಕೆ ಬರೋಣ. 2005ರ ಜುಲೈ 26. ಪುಷ್ಯ ಮಳೆ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್. ಅದೇ ಹೊತ್ತಲ್ಲಿ ಕೊಲಾಬಾದಲ್ಲಿ ಸುಮಾರು 73. ಅಂದರೆ ದಕ್ಷಿಣ ಮುಂಬಯಿಯ ಆಫೀಸಿನ ಕಿಟಕಿಯಿಂದ ನೋಡಿದವನಿಗೆ ಅದು ಮಾಮೂಲಿ ಮಳೆ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಮನೆಗೆ ಹೊರಟರು, ಲೋಕಲ್ ನಿಂತಿತು, ರಸ್ತೆ ತುಂಬಿತು. ಕಾರಿನ ಬಾಗಿಲು ತೆರೆಯೋಕಾಗದೆ ಒಳಗೇ ಉಸಿರು ಕಟ್ಟಿ ಸತ್ತವರೂ ಇದ್ದರು. ಆ ಮಳೆಗೆ ಮಹಾರಾಷ್ಟ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು.

ಸರಿಯಾಗಿ 14 ವರ್ಷದ ಮೇಲೆ, 2019ರ ಜುಲೈ 26ರ ರಾತ್ರಿ, ಮುಂಬಯಿಯಿಂದ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿ ನಡುವೆ ಉಲ್ಹಾಸ್ ನದಿಯ ನೀರಲ್ಲಿ ಸಿಕ್ಕಿಬಿತ್ತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರು. ಸುತ್ತ ಕತ್ತಲು, ಹಳಿ ಕಾಣದಷ್ಟು ನೀರು. ಇಳಿಯಬೇಡಿ, ಬೋಗಿಯೊಳಗೇ ಇರಿ ಅಂತ ರೈಲ್ವೆ ಹೇಳಿತು. ಬೆಳಿಗ್ಗೆ ಅಕ್ಕಪಕ್ಕದ ಹಳ್ಳಿಯವರು ಬಂದರು, ಎನ್‌ಡಿಆರ್‌ಎಫ್ ದೋಣಿ ಬಂತು, ನೌಕಾಪಡೆ ಬಂತು. ಮಧ್ಯಾಹ್ನದ ಹೊತ್ತಿಗೆ ಅಷ್ಟೂ ಜನ ಸುರಕ್ಷಿತವಾಗಿ ಹೊರಗೆ.

ಒಂದು ಕಡೆ ಹೊರಟಿದ್ದು ಪ್ರಾಣಕ್ಕೆ ಬಂತು, ಇನ್ನೊಂದು ಕಡೆ ಕೂತಲ್ಲೇ ಕೂತಿದ್ದು ಪ್ರಾಣ ಉಳಿಸಿತು, ರಿಗೊಪಿಯಾನೊದಲ್ಲಿ ಅದೇ ಕೂತಿದ್ದು ಕೊಂದಿತು. ಹಾಗಾಗಿ 'ಯಾವಾಗಲೂ ಹೊರಡಿ' ಅಥವಾ 'ಯಾವಾಗಲೂ ಇರಿ' ಅಂತ ಒಂದು ಮಾತು ಹೇಳೋಕಾಗಲ್ಲ. ನೀರು ಯಾವ ಕಡೆಯಿಂದ ಬರುತ್ತೆ ಅಂತ ಗೊತ್ತಿರಬೇಕು. ಅದು ನಮ್ಮ ನಾಲ್ಕು ಊರಿಗೂ ಬೇರೆ ಬೇರೆ.

ನಿಮ್ಮ ಊರಿಗೆ ನೀರು ಎಲ್ಲಿಂದ?

*ಕಲ್ಯಾಣ:* ನಿಮ್ಮ ಮನೆ ಮೇಲೆ ಬೀಳೋ ಮಳೆಗಿಂತ ಕರ್ಜತ್, ಲೋಣಾವಳ ಘಟ್ಟದ ಮಳೆ ಮುಖ್ಯ. ಅಲ್ಲಿ ಬಿದ್ದದ್ದು ಉಲ್ಹಾಸ್ ನದಿಯಲ್ಲಿ ಬದ್ಲಾಪುರ ದಾಟಿ ನಿಮ್ಮ ಹತ್ತಿರ ಬರುತ್ತೆ. ವಾಲಧುನಿ ಹೊಳೆಯೂ ಅಂಬರನಾಥ, ಉಲ್ಹಾಸನಗರದಿಂದ ಇಳಿದು ಬರುತ್ತೆ. ಬಾರವಿ ಅಣೆಕಟ್ಟಿನ ಸುದ್ದಿಯ ಮೇಲೆ ಕಣ್ಣಿರಲಿ.

*ನವಿ ಮುಂಬಯಿ:* ನಿಮಗೆ ಸಮುದ್ರವೇ ಲೆಕ್ಕ. ಇಲ್ಲಿನ ಕೆಲವು ಭಾಗ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಅದಕ್ಕೇ ಡಚ್ ಮಾದರಿಯಲ್ಲಿ ಹೋಲ್ಡಿಂಗ್ ಪಾಂಡ್ ಅಂತ ಕೊಳಗಳನ್ನ ಕಟ್ಟಿದಾರೆ. ಉಬ್ಬರ ಬಂದಾಗ ಬಾಗಿಲು ಮುಚ್ಚುತ್ತೆ, ಮಳೆನೀರು ಕೊಳದಲ್ಲಿ ನಿಲ್ಲುತ್ತೆ, ಇಳಿತ ಬಂದಾಗ ಹೊರಗೆ ಹೋಗುತ್ತೆ. ಜೋರು ಮಳೆ ಮತ್ತು ದೊಡ್ಡ ಉಬ್ಬರ ಒಂದೇ ಹೊತ್ತಿಗೆ ಬಂದರೆ ನೀರಿಗೆ ಜಾಗ ಇರಲ್ಲ.

*ಠಾಣೆ:* ಯೇವೂರು ಗುಡ್ಡದಿಂದ ನಾಲೆಗಳು ಘೋಡ್‌ಬಂದರ್ ರಸ್ತೆ ಕಡೆ ಇಳಿಯುತ್ತವೆ. ಮುಂಬ್ರಾ ಬೈಪಾಸ್‌ನಲ್ಲಿ ಗುಡ್ಡ ಜರಿಯೋದು ಹೊಸದಲ್ಲ. ರಾತ್ರಿ ಜೋರು ಮಳೆ ಹೊಡೆದಿದ್ದರೆ ಆ ದಾರಿ ಬೇಡ.

*ಡೊಂಬಿವಲಿ:* ನಮ್ಮ ಕಷ್ಟ ಹಳಿಯದ್ದು. ಐರೋಲಿ, ಘನ್ಸೋಲಿ ಆಫೀಸಿಗೆ ಹೋಗೋರು ಠಾಣೆಯಲ್ಲಿ ರೈಲು ಬದಲಿಸಲೇಬೇಕು. ನೀರು ಹಳಿ ಮುಟ್ಟಿದರೆ ಹಳಿಯಲ್ಲಿ ಹರಿಯೋ ವಿದ್ಯುತ್ತು ಶಾರ್ಟ್ ಆಗಿ, ಅಲ್ಲೊಂದು ರೈಲು ನಿಂತಿದೆ ಅಂತ ಸಿಗ್ನಲ್ ತಿಳ್ಕೊಂಡು ಕೆಂಪಾಗುತ್ತೆ. ಅದು ಕೆಟ್ಟಿದ್ದಲ್ಲ, ಸುರಕ್ಷತೆಗೆ ಹಾಗೇ ಮಾಡಿರೋದು. ಆದರೆ ಕುರ್ಲಾದಲ್ಲಿ ನೀರು ನಿಂತರೆ ಡೊಂಬಿವಲಿಯ ಪ್ಲಾಟ್‌ಫಾರ್ಮ್ ತುಂಬುತ್ತೆ. ಇನ್ನೊಂದು ದಾರಿ ಶಿಳ್‌ಫಾಟಾ, ಮಹಾಪೆ. ರೈಲು ನಿಂತ ದಿನ ಎಲ್ಲರಿಗೂ ಅದೇ ನೆನಪಾಗೋದು.

ಬಣ್ಣ ಮತ್ತು ಮರಾಠಿ

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಆರೆಂಜ್ ಅಂದರೆ ಸಿದ್ಧರಾಗಿರಿ. ರೆಡ್ ಅಂದರೆ ಕ್ರಮ ತಗೊಳ್ಳಿ. ನಾವು ಸಾಮಾನ್ಯವಾಗಿ ರೆಡ್ ಬಂದಮೇಲೆ ಸಿದ್ಧರಾಗೋಕೆ ಶುರು ಮಾಡ್ತೀವಿ, ಅಲ್ಲೇ ಒಂದು ಮೆಟ್ಟಿಲು ತಪ್ಪೋದು.

ಇನ್ನೊಂದು ವಿಷಯ. ಸ್ಥಳೀಯ ಸುದ್ದಿ ಮೊದಲು ಬರೋದು ಮರಾಠಿಯಲ್ಲಿ. ನಾಲ್ಕು ಮಾತು ಕಲಿತುಬಿಡಿ. 'ಭರತಿ' ಅಂದರೆ ಉಬ್ಬರ, 'ಓಹೋಟಿ' ಅಂದರೆ ಇಳಿತ. 'ವಿಸರ್ಗ' ಅಂದರೆ ಅಣೆಕಟ್ಟಿನಿಂದ ನೀರು ಬಿಡೋದು, ನಮ್ಮ ವ್ಯಾಕರಣದ ವಿಸರ್ಗ ಅಲ್ಲ. 'ದರಡ್ ಕೋಸಳಲಿ' ಅಂದರೆ ಗುಡ್ಡ ಕುಸಿಯಿತು. ದಿನಕ್ಕೆ ಎರಡು ಸಲ ಉಬ್ಬರ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ. ಆಫೀಸಲ್ಲಿ ಮೂರು-ನಾಲ್ಕು ಗಂಟೆ ಹೆಚ್ಚಿಗೆ ಕೂತರೆ ಎಷ್ಟೋ ಸಲ ರಸ್ತೆಯ ನೀರು ತಾನಾಗೇ ಇಳಿದಿರುತ್ತೆ.

ಹಾಗಾದರೆ ವೇಳಾಪಟ್ಟಿ

ನಾವೆಲ್ಲ ಆಫೀಸಲ್ಲಿ ರನ್‌ಬುಕ್ ಬರೀತೀವಿ. ಸರ್ವರ್ ಬಿದ್ದರೆ ಯಾರು ಯಾರಿಗೆ ಫೋನ್ ಮಾಡಬೇಕು ಅಂತ ರಾತ್ರಿ 2 ಗಂಟೆಗೂ ಗೊತ್ತಿರುತ್ತೆ. ಊರಿಂದ ಬಂದಿರೋ ಅಮ್ಮ ಏಳನೇ ಮಹಡಿಯಲ್ಲಿ ಒಬ್ಬರೇ ಇದಾರೆ, ಕರೆಂಟ್ ಹೋಗಿ ಲಿಫ್ಟ್ ನಿಂತಿದೆ, ಮಗು ಶಾಲೆಯಲ್ಲಿದೆ, ನೀವಿಬ್ಬರೂ ಐರೋಲಿಯಲ್ಲಿ. ಇದಕ್ಕೆ ರನ್‌ಬುಕ್ ಎಲ್ಲಿದೆ?

ಒಂದು ಹಾಳೆ ಸಾಕು.

ಒಂದು: ಆರೆಂಜ್ ಬಂದ ದಿನ ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಮನೆಯಿಂದಲೇ ಕೆಲಸ. ಯಾವ ವಾರ ಯಾರು ಅನ್ನೋದು ಈಗಲೇ ನಿರ್ಧಾರ ಆಗಲಿ, ಮ್ಯಾನೇಜರ್‌ಗೂ ಜೂನ್‌ನಲ್ಲೇ ಹೇಳಿಡಿ.

ಎರಡು: ಆಫೀಸಿಂದ ಹೊರಡೋಕೆ ಒಂದು ಕೊನೇ ಗಂಟೆ ಇಟ್ಟುಕೊಳ್ಳಿ. ಅದರೊಳಗೆ ಹೊರಡಿ. ಮೀರಿತಾ, ಅಲ್ಲೇ ಉಳೀರಿ. ಬ್ಯಾಗಲ್ಲಿ ಒಂದು ಜೊತೆ ಬಟ್ಟೆ, ಮಾತ್ರೆ, ಪವರ್ ಬ್ಯಾಂಕ್ ಇದ್ದರೆ ಒಂದು ರಾತ್ರಿ ಆಫೀಸಲ್ಲಿ ಕಳೆಯೋದು ದೊಡ್ಡ ಮಾತಲ್ಲ.

ಮೂರು: ಶಾಲೆಯಿಂದ ಮಗುವನ್ನ ಕರ್ಕೊಂಡು ಬರೋಕೆ, ಅಮ್ಮನ ಬಾಗಿಲು ತಟ್ಟೋಕೆ ಒಂದು ಪಕ್ಕದ ಮನೆ. ಅವರ ಹೆಸರು ಶಾಲೆಗೂ ಗೊತ್ತಿರಲಿ. ಅಮ್ಮನಿಗೆ ಮರಾಠಿ ಬರಲ್ಲ, ಅವರಿಗೆ ಕನ್ನಡ ಬರಲ್ಲ, ಪರವಾಗಿಲ್ಲ. ಈಗಲೇ ಒಂದು ಸಲ ಚಹಾಕ್ಕೆ ಕರೀರಿ, ಮುಖ ಪರಿಚಯ ಆಗಲಿ. ಮಹಾಲಕ್ಷ್ಮಿ ರೈಲಿನವರಿಗೂ ಹಳ್ಳಿಯ ಜನ ಬಂದಿದ್ದು ಭಾಷೆ ಕೇಳಿ ಅಲ್ಲ.

ನಾಲ್ಕು: ಮೊಣಕಾಲು ದಾಟಿದ ನೀರಿಗೆ ಇಳಿಯಲ್ಲ. ಕೆಳಗೆ ಮ್ಯಾನ್‌ಹೋಲ್ ತೆರೆದಿದೆಯಾ ಕಾಣಲ್ಲ. 2017ರ ಆಗಸ್ಟ್ 29ಕ್ಕೆ ಮುಂಬಯಿಯ ಹೆಸರಾಂತ ವೈದ್ಯರೊಬ್ಬರು ಕಾರು ಬಿಟ್ಟು ನಡೆದು ಮನೆಗೆ ಹೋಗುವಾಗ ಹಾಗೇ ಹೋದರು. ಅನಿವಾರ್ಯವಾಗಿ ನಿಂತ ನೀರಲ್ಲಿ ನಡೆದಿದ್ದರೆ, ಕಾಲಿಗೆ ಗಾಯ ಇರಲಿ ಬಿಡಲಿ, 72 ಗಂಟೆಯೊಳಗೆ ಡಾಕ್ಟರ್ ಹತ್ತಿರ ಹೋಗಿ. ಲೆಪ್ಟೊಸ್ಪೈರೋಸಿಸ್ ಅನ್ನೋ ಇಲಿಜ್ವರ 2005ರ ನೆರೆಯ ಬೆನ್ನಿಗೇ ಬಂದಿತ್ತು. ಜ್ವರ ಬರಲಿ ಅಂತ ಕಾಯಬೇಡಿ.

ಇಷ್ಟೇ. ಭಾನುವಾರ ಅರ್ಧ ಗಂಟೆಯ ಕೆಲಸ. ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ಅಮ್ಮನಿಗೆ ಓದಿ ಹೇಳಿ. ಬಹುಶಃ ಅವರೇ ಐದನೇದನ್ನ ಸೇರಿಸ್ತಾರೆ, ಅವರು ನಮಗಿಂತ ಹೆಚ್ಚು ಮಳೆಗಾಲ ಕಂಡವರು.