ಬಡವನಿಗೂ ವಕೀಲರುಂಟು
(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಾಲ, ಗೊಬ್ಬರ, ವಸೂಲಿಯ ಲೆಕ್ಕವನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ಉಚಿತ ಕಾನೂನು ನೆರವಿನ ಬಗ್ಗೆ ನಾಲ್ಕು ಮಾತು ಆಡಿ ಅಂತ ನನಗೆ ಹೇಳಿದರು. ನಾನು ವಕೀಲನಲ್ಲ. ಎಸ್ಸೆಸ್ಸೆಲ್ಸಿ ಓದಿ ಕಾಫಿ, ಮೆಣಸು, ಒಂದಿಷ್ಟು ಗದ್ದೆ ನೋಡಿಕೊಂಡಿರುವ ರೈತ. ಆದರೂ ಒಪ್ಪಿಕೊಂಡೆ. ಸಂಘದ ಜಗಲಿಯ ಮೇಲೆ ಕೂತು ನಮ್ಮ ಜನ ಹೇಳಿಕೊಳ್ಳುವ ಕಷ್ಟದಲ್ಲಿ ಅರ್ಧಕ್ಕರ್ಧ ಪಹಣಿ, ಪೋಡಿ, ಪಾಲು, ಪರಿಹಾರದ ಕಷ್ಟವೇ.

"ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ" ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಆ ಹೆದರಿಕೆ ಸುಳ್ಳಲ್ಲ. ಆದರೆ ಹೆದರಿ ಸುಮ್ಮನೆ ಕೂತವನ ಜಮೀನು ಉಳಿಯುತ್ತದೆಯೇ? ಅದೂ ಇಲ್ಲ. ದುಡ್ಡಿಲ್ಲದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎಂದು 1976ರಲ್ಲಿ ನಮ್ಮ ಸಂವಿಧಾನಕ್ಕೆ 39ಎ ವಿಧಿ ಸೇರಿತು. 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ ಬಿಹಾರದ ಜೈಲುಗಳ ಸ್ಥಿತಿ ದೇಶಕ್ಕೆ ಗೊತ್ತಾಯಿತು. ಆಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಬಡವರು ಒಳಗೆ ಕೊಳೆಯುತ್ತಿದ್ದರು. ಬಡ ಆರೋಪಿಗೆ ವಕೀಲರನ್ನು ಕೊಡುವುದು ಸರ್ಕಾರದ ದಯೆಯಲ್ಲ, ಅವನ ಹಕ್ಕು ಎಂದು ಕೋರ್ಟು ಹೇಳಿತು. ಆಮೇಲೆ 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಾಗಿ, ಅದು 1995ರ ನವೆಂಬರ್ 9ರಿಂದ ಜಾರಿಗೆ ಬಂತು.

ಯಾರಿಗೆ ಸಿಗುತ್ತದೆ ಎಂಬುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿ ಇರುವವರಿಗೆ ವರಮಾನ ಎಷ್ಟೇ ಇರಲಿ ಸಿಗುತ್ತದೆ. ನೆರೆ, ಬರದಂಥ ವಿಪತ್ತಿಗೆ ಸಿಕ್ಕಿದವರಿಗೂ ಉಂಟು. 2018ರ ಆಗಸ್ಟ್ ಮಳೆಯಲ್ಲಿ ಈ ಭಾಗದಲ್ಲಿ ಗುಡ್ಡ ಜರಿದದ್ದನ್ನು ನಾವು ಮರೆತಿಲ್ಲವಲ್ಲ. ಉಳಿದವರಿಗೆ ಸರ್ಕಾರ ಗೊತ್ತುಮಾಡಿದ ವರಮಾನದ ಮಿತಿ ಇದೆ. ತೋಟದ ಲೈನ್ ಮನೆಯಲ್ಲಿರುವ ಕೂಲಿಯವರೂ, ಹೊರರಾಜ್ಯದಿಂದ ದುಡಿಯಲು ಬಂದವರೂ ಇದರಿಂದ ಹೊರಗಲ್ಲ.

ತಾಲ್ಲೂಕು ಕೋರ್ಟಿನಲ್ಲಿಯೇ ಕಾನೂನು ಸೇವೆಗಳ ಸಮಿತಿ ಇರುತ್ತದೆ. ಅದಕ್ಕೆ ನ್ಯಾಯಾಧೀಶರೇ ಅಧ್ಯಕ್ಷರು. ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು, ಬರೆಯಲು ಬಾರದಿದ್ದರೆ ಅಲ್ಲಿಯೇ ಬರೆದುಕೊಳ್ಳುತ್ತಾರೆ. ವಕೀಲರ ಫೀಸು, ಕೋರ್ಟು ಶುಲ್ಕ, ನಕಲಿನ ಖರ್ಚು ಸಮಿತಿಯದು. ಸಿವಿಲ್ ಕೋರ್ಟು ಮಾತ್ರವಲ್ಲ, ಕಂದಾಯ ಇಲಾಖೆಯ ಎ.ಸಿ. ಕೋರ್ಟಿಗೂ ಇದು ನಡೆಯುತ್ತದೆ. ಬಿಟ್ಟಿ ವಕೀಲರು ಮನಸ್ಸಿಟ್ಟು ಮಾಡುವುದಿಲ್ಲ ಎಂಬ ದೂರು ಇದೆ, ಕೆಲವು ಕಡೆ ಅದು ನಿಜವೂ ಹೌದು. ಹಾಗಾದಾಗ ಸಮಿತಿಗೆ ಬರೆದು ಬೇರೆ ವಕೀಲರನ್ನು ಕೇಳಬಹುದು. ಮನೆಯಲ್ಲಿ ಕೂತು ಬೈದುಕೊಂಡರೆ ಪ್ರಯೋಜನವಿಲ್ಲ.

ನೆರವಿಗಿಂತ ಮುಖ್ಯವಾದದ್ದು ವೇಳೆ. ನಮ್ಮ ಭಾಗದಲ್ಲಿ ಹೇಮಾವತಿ ಹಿನ್ನೀರಿಗೆ ಗದ್ದೆ ಮನೆ ಕಳೆದುಕೊಂಡ ಕುಟುಂಬಗಳಿವೆ. ಭೂಸ್ವಾಧೀನದ ಕಾನೂನಿನಲ್ಲಿ 1984ರಿಂದ ಒಂದು ಅನುಕೂಲವಿದೆ. ಪಕ್ಕದವನು ಕೋರ್ಟಿಗೆ ಹೋಗಿ ಹೆಚ್ಚಿನ ಪರಿಹಾರ ತಂದರೆ, ಅದೇ ಅಧಿಸೂಚನೆಯಲ್ಲಿ ಜಮೀನು ಕೊಟ್ಟು ಸುಮ್ಮನಿದ್ದವನೂ ಮೂರು ತಿಂಗಳೊಳಗೆ ಅರ್ಜಿ ಹಾಕಿ ಅದೇ ದರ ಕೇಳಬಹುದು. ಈಗಿರುವ 2013ರ ಕಾಯ್ದೆಯಲ್ಲೂ ಹೀಗೇ ಇದೆ. ಆದರೆ ಆ ತೀರ್ಪು ಬಂದಿದ್ದೇ ಗೊತ್ತಾಗದಿದ್ದರೆ? ಮೂರು ತಿಂಗಳು ಕಳೆಯುತ್ತದೆ, ಹಕ್ಕೂ ಹೋಗುತ್ತದೆ. ಹೆಣ್ಣುಮಕ್ಕಳ ಪಾಲಿನದೂ ಇದೇ ಕಥೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಗಳಿಗೂ ಪಾಲು ಅಂತ ಕರ್ನಾಟಕದಲ್ಲಿ 1994ರಲ್ಲಿಯೇ, ದೇಶಕ್ಕೆಲ್ಲ 2005ರಲ್ಲಿ ಕಾನೂನಾಯಿತು. ಹಾಗಿದ್ದೂ ಪೌತಿ ಖಾತೆಗೆ ಅಂತ ಕರೆದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ನಿಂತಿಲ್ಲ. ತಾಯಂದಿರೇ, ರುಜು ಮಾಡುವ ಮೊದಲು ಸಮಿತಿಗೆ ಹೋಗಿ ಕೇಳಿ. ರುಜು ಬಿದ್ದ ಮೇಲೆ ವಕೀಲರಿಗೂ ಕಷ್ಟ.

ಇನ್ನು ಲೋಕ ಅದಾಲತ್. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸ್ಸು ಬರುತ್ತದೆ. ಆ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಅರ್ಥವಾಗದೆ ಒಪ್ಪಬೇಡಿ. ರಾಜಿ ಅಂದರೆ ಬಡವನೊಬ್ಬನೇ ಬಗ್ಗುವುದಲ್ಲ. ಒಪ್ಪಿಗೆಯಾಗದಿದ್ದರೆ ಕೇಸು ಮತ್ತೆ ಕೋರ್ಟಿಗೇ ಹೋಗುತ್ತದೆ, ನಿಮಗೇನೂ ನಷ್ಟವಿಲ್ಲ.

ಈ ಕಷ್ಟ ನಮ್ಮದೊಂದೇ ದೇಶದ್ದಲ್ಲ. ಆಫ್ರಿಕಾದಲ್ಲಿ ಮಲಾವಿ ಅಂತ ಒಂದು ಬಡ ದೇಶ ಇದೆ, ವಕೀಲರು ಬಹಳ ಕಡಿಮೆ. ಅಲ್ಲಿ 2000ನೇ ಇಸವಿಯಲ್ಲಿ ಹೊರದೇಶದ ಸಂಸ್ಥೆಗಳ ನೆರವಿನಿಂದ ಸ್ಥಳೀಯ ಯುವಕ ಯುವತಿಯರಿಗೇ ಕಾನೂನಿನ ತರಬೇತಿ ಕೊಟ್ಟು ಜೈಲುಗಳಿಗೆ ಕಳಿಸಿದರು. ಜಾಮೀನಿಗೆ ಏನು ಕೇಳಬೇಕು, ಹೇಗೆ ಕೇಳಬೇಕು ಅಂತ ಅವರು ಕೈದಿಗಳಿಗೆ ಅವರದೇ ಭಾಷೆಯಲ್ಲಿ ಕಲಿಸಿದರು. ಇಂಥ ಕೆಲಸ ಎಲ್ಲ ದೇಶದಲ್ಲೂ ಆಗಬೇಕು ಅಂತ 2012ರಲ್ಲಿ ವಿಶ್ವಸಂಸ್ಥೆಯೂ ಕಾನೂನು ನೆರವಿನ ಮಾರ್ಗಸೂಚಿ ಒಪ್ಪಿತು. ದುಡ್ಡು ಹೊರಗಿನಿಂದ ಬರಬಹುದು, ಆದರೆ ಜನ ನಂಬಿ ಮಾತಾಡುವುದು ಊರಿನವರ ಹತ್ತಿರವೇ. ನಮ್ಮಲ್ಲೂ ಅರೆಕಾನೂನು ಸ್ವಯಂಸೇವಕರು ಎಂಬ ವ್ಯವಸ್ಥೆ ಇದೆ. ವಕೀಲಿ ಓದಿರಬೇಕೆಂದಿಲ್ಲ.

ಅದಕ್ಕೇ ಈ ಬೆಳ್ಳಿ ಹಬ್ಬದಲ್ಲಿ ನನ್ನ ಕೋರಿಕೆ ಮೂರು. ಒಂದು, ಸಂಘದ ಗೋಡೆಯ ಮೇಲೆ ತಾಲ್ಲೂಕು ಸಮಿತಿಯ ವಿಳಾಸವನ್ನೂ ಉಚಿತ ಸಹಾಯವಾಣಿ 15100 ಸಂಖ್ಯೆಯನ್ನೂ ದೊಡ್ಡದಾಗಿ ಬರೆಸೋಣ. ಎರಡು, ವರ್ಷಕ್ಕೆರಡು ಸಲ ನಮ್ಮ ಗೋದಾಮಿನಲ್ಲಿಯೇ ಕಾನೂನು ಅರಿವು ಶಿಬಿರ ನಡೆಸಿಕೊಡಿ ಎಂದು ಸಮಿತಿಯನ್ನು ಕೇಳೋಣ. ಮೂರು, ಸ್ವಯಂಸೇವಕರಾಗಲು ಇಬ್ಬರನ್ನು ಕಳಿಸೋಣ. ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ, ಇನ್ನೊಬ್ಬರು ಲೈನ್ ಮನೆಯವರಾಗಿರಲಿ.

ಕೊನೆಗೊಂದು ಮಾತು, ಆಡಳಿತ ಮಂಡಳಿಯವರು ಬೇಸರ ಮಾಡಿಕೊಳ್ಳಬಾರದು. ಸಾಲ ಬಾಕಿಗೆ ನಾವು ಸಹಕಾರ ಕಾಯ್ದೆಯ 70ನೇ ಕಲಮಿನಡಿ ಸದಸ್ಯರ ಮೇಲೆ ದಾವೆ ಹಾಕುತ್ತೇವೆ. ಅರ್ಹನಾದ ಸದಸ್ಯ ಆಗಲೂ ಈ ನೆರವು ಕೇಳಬಹುದು, ಸಂಘದ ವಿರುದ್ಧವೇ ಆದರೂ ಸರಿ. ಅದನ್ನೂ ನಾವೇ ಅವನಿಗೆ ತಿಳಿಸಬೇಕು. ನಮ್ಮ ಲೆಕ್ಕ ಸರಿಯಿದ್ದರೆ ಹೆದರುವುದೇನಿದೆ? ಒಬ್ಬರಿಗಾಗಿ ಎಲ್ಲರೂ ಅಂತ ಹೇಳುವ ಸಂಘ ಅಷ್ಟು ಮಾಡದಿದ್ದರೆ ಹೇಗೆ?