ರಜೆಗೆ ಮೊದಲು ಗುಳಿಗೆ ಎಣಿಸಿರಿ

(ಸ್ವಾತಂತ್ರ್ಯ ದಿನಾಚರಣೆಗೆ ಮುಂಚಿನ ವಾರ ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಸ್ಪತ್ರೆಯ ವೈದ್ಯರು ನೀಡಿದ ಉಪನ್ಯಾಸ)

 

ಇನ್ನೊಂದು ವಾರಕ್ಕೆ ಆಗಸ್ಟ್ 15, ನಮ್ಮ ರಾಷ್ಟ್ರೀಯ ಹಬ್ಬ. ಆ ದಿನ ಸಾಮಾನ್ಯವಾಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ರಜೆ. ಹಳ್ಳಿಯ ಔಷಧ ಅಂಗಡಿಯೂ ಎಷ್ಟೋ ಕಡೆ ಬಾಗಿಲು ಹಾಕಿರುತ್ತದೆ. ಒಂದು ದಿನದ ರಜೆ ದೊಡ್ಡ ಮಾತಲ್ಲ. ಆದರೆ ಸಾಂಕ್ರಾಮಿಕ ರೋಗ ಹಬ್ಬಿದ ಕಾಲದಲ್ಲಿ ರಜೆಯೂ ಬಂದರೆ ಏನಾಗುತ್ತದೆಂಬುದನ್ನು ನಾವು 2020ರಲ್ಲಿ ಕಣ್ಣಾರೆ ಕಂಡಿದ್ದೇವೆ. ಆ ಪಾಠವನ್ನು ಮರೆಯಬಾರದೆಂದು ಈ ಮಾತು.

2020ರ ಮಾರ್ಚ್ 24, ಯುಗಾದಿಯ ಹಿಂದಿನ ದಿನ. ರಾತ್ರಿ 8 ಗಂಟೆಗೆ ಪ್ರಧಾನಮಂತ್ರಿಗಳು ಟಿ.ವಿ.ಯಲ್ಲಿ ಮಾತನಾಡಿ, ಮಧ್ಯರಾತ್ರಿಯಿಂದ 21 ದಿನ ಇಡೀ ದೇಶಕ್ಕೆ ಲಾಕ್‌ಡೌನ್ ಎಂದು ಪ್ರಕಟಿಸಿದರು. ಬೇವು ಬೆಲ್ಲಕ್ಕೆ, ಹೋಳಿಗೆಯ ಬೇಳೆಗೆ ಹೊರಟಿದ್ದವರ ಜೊತೆಗೆ ತಿಂಗಳ ದಿನಸಿಗೆ ಹೊರಟವರೂ ಸೇರಿ ಕಿರಾಣಿ ಅಂಗಡಿಗಳ ಮುಂದೆ ಜನ ಕಿಕ್ಕಿರಿದರು. ದಿನಸಿ, ಹಾಲು, ತರಕಾರಿ, ಔಷಧ ಅಂಗಡಿಗಳು ತೆರೆದಿರುತ್ತವೆಂದು ಸರ್ಕಾರದ ಆದೇಶದಲ್ಲೇ ಇತ್ತು. ಆದರೆ ಭಯಕ್ಕೆ ಕಿವಿ ಇರುವುದಿಲ್ಲ. ಯಾವ ರೋಗಕ್ಕೆ ಹೆದರಿ ಸಾಮಾನು ಕೊಳ್ಳಲು ಹೋದರೋ, ಅದು ಹರಡಲು ಬೇಕಾದ ಗುಂಪನ್ನು ತಾವೇ ಕಟ್ಟಿಕೊಟ್ಟಂತಾಯಿತು.

ಔಷಧದ ವಿಷಯದಲ್ಲಿ ಇದಕ್ಕಿಂತ ನೋವಿನ ಸಂಗತಿ ನಡೆಯಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಗುಳಿಗೆಯನ್ನು ಆಮವಾತದವರು ಮತ್ತು ಲೂಪಸ್ ಎಂಬ ಕಾಯಿಲೆಯವರು ದಿನವೂ ನುಂಗುತ್ತಾರೆ. ಮಾರ್ಚ್ 23ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಆರೋಗ್ಯ ಸಿಬ್ಬಂದಿಗೆ ಮತ್ತು ಸೋಂಕಿತರ ಮನೆಯವರಿಗೆ ಮುಂಜಾಗ್ರತೆಗಾಗಿ ಅದನ್ನು ಸೂಚಿಸಿತು. ಸುದ್ದಿ ಕೇಳಿದ ಆರೋಗ್ಯವಂತರೂ ಅಂಗಡಿಗೆ ಓಡಿದರು. ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ಮಾರ್ಚ್ 26ರಂದು ಸರ್ಕಾರ ಬಿಗಿ ಮಾಡಬೇಕಾಯಿತು. ದಿನವೂ ಅದು ಬೇಕಾದವರು ಅಂಗಡಿಯಿಂದ ಅಂಗಡಿಗೆ ಅಲೆದರು. ಕೋವಿಡ್ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ದೊಡ್ಡ ಪರೀಕ್ಷೆಗಳಲ್ಲಿ ಮುಂದೆ ತಿಳಿಯಿತು. ಕೂಡಿಟ್ಟವರಿಗೆ ಲಾಭವಿಲ್ಲ, ಬೇಕಾದವರಿಗೆ ಗುಳಿಗೆಯಿಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಊರ ಅಂಗಡಿಯಲ್ಲಿ 100 ಜನರಿಗೆ ಒಂದು ತಿಂಗಳಿಗಾಗುವಷ್ಟು ರಕ್ತದೊತ್ತಡದ ಗುಳಿಗೆ ಇದೆಯೆನ್ನಿ. ಅವರಲ್ಲಿ 10 ಜನ ಹೆದರಿ ಆರಾರು ತಿಂಗಳಿನದು ಕೊಂಡರೆ 60 ಪಾಲು ಖಾಲಿ. ಉಳಿದ 40 ಪಾಲಿಗೆ 90 ಜನ ನಿಲ್ಲಬೇಕು. ಅಂಗಡಿಗೆ ಬಂದ ಮಾಲು ಕಡಿಮೆಯಾಗಲಿಲ್ಲ, ಕಾಯಿಲೆ ಹೆಚ್ಚಾಗಲಿಲ್ಲ. ಆದರೂ 50 ಮನೆಗೆ ಗುಳಿಗೆ ಇಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಶರಣ ದಂಪತಿಗಳ ಕಥೆ ನಿಮಗೆಲ್ಲ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಕ್ಕೆ ಕಳಿಸಿದರು. ಆ ತಾಯಿ ಅಕ್ಕಿಯೇ ಬೇಡವೆನ್ನಲಿಲ್ಲ. ಬೇಕಾದಷ್ಟು ಬೇಕು, ಅದಕ್ಕಿಂತ ಹೆಚ್ಚಿನದು ನಮ್ಮದಲ್ಲ ಎಂದರು. ಔಷಧದ ಪೆಟ್ಟಿಗೆಗೂ ಇದೇ ಅಳತೆ. ಏನನ್ನೂ ಇಟ್ಟುಕೊಳ್ಳದೆ ರಜೆಯ ದಿನ ಗುಳಿಗೆ ತಪ್ಪಿಸುವುದೂ ತಪ್ಪು. ನೆರೆಯವರ ಪಾಲನ್ನು ನಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳುವುದೂ ತಪ್ಪು.

ಹಾಗಾದರೆ ಏನು ಮಾಡಬೇಕು?

1. ರಜೆಗೆ ಒಂದು ವಾರ ಮುಂಚೆ ಗುಳಿಗೆ ಎಣಿಸಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯರೋಗ, ಮೂರ್ಛೆರೋಗ, ಥೈರಾಯ್ಡ್, ಉಬ್ಬಸ ಇರುವವರಿಗೆ ಇದು ಬಹಳ ಮುಖ್ಯ. ಮೂರ್ಛೆರೋಗದ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಮತ್ತೆ ಫಿಟ್ಸ್ ಬರಬಹುದು. ಸಾಂಕ್ರಾಮಿಕದ ಕಾಲದಲ್ಲಿ ಒಂದು ತಿಂಗಳಿನದು ಕೈಯಲ್ಲಿದ್ದರೆ ಸಾಕು. ಹಳೆಯದನ್ನು ಮೊದಲು ಮುಗಿಸಿರಿ; ಅವಧಿ ಮುಗಿಯುವ ದಿನಾಂಕ ನೋಡಿರಿ.

2. ತೆರೆಯದ ಇನ್ಸುಲಿನ್ ಬಾಟಲಿಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಮಂಜುಗಡ್ಡೆಯ ಖಾನೆಯಲ್ಲಿ ಅಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಫ್ರಿಜ್ ಇಲ್ಲದವರು ಹೆಚ್ಚು ಕೊಳ್ಳದೆ, ಬಾಟಲಿಗೆ ನೀರು ತಾಗದಂತೆ ಡಬ್ಬಿಯಲ್ಲಿ ಮುಚ್ಚಿ ತಣ್ಣೀರಿನ ಮಣ್ಣಿನ ಗಡಿಗೆಯಲ್ಲಿ, ನೆರಳಿನಲ್ಲಿಡಿರಿ.

3. ಜ್ವರ ನೋಡುವ ಥರ್ಮಾಮೀಟರ್, ಒಂದು ಪಟ್ಟಿ ಪ್ಯಾರಾಸಿಟಮಾಲ್, ನಾಲ್ಕು ಓ.ಆರ್.ಎಸ್. ಪೊಟ್ಟಣ, ಸೋಪು, ಮನೆಯವರಿಗೆಲ್ಲ ಒಗೆದು ಬಳಸುವ ಮಾಸ್ಕ್: ಮನೆಗೆ ಇಷ್ಟು ಸಾಕು. ಕಲಸಿದ ಓ.ಆರ್.ಎಸ್. ನೀರನ್ನು 24 ಗಂಟೆಯ ನಂತರ ಚೆಲ್ಲಬೇಕು.

4. ಆಂಟಿಬಯೋಟಿಕ್, ಸ್ಟೀರಾಯ್ಡ್ ಗುಳಿಗೆಗಳನ್ನು ‘ಇರಲಿ’ ಎಂದು ತಂದಿಡಬೇಡಿರಿ. 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಹೆಚ್ಚಾಗಿ ತಗುಲಿದ್ದು ಸಕ್ಕರೆ ಕಾಯಿಲೆ ಇದ್ದು ಸ್ಟೀರಾಯ್ಡ್ ಪಡೆದವರಿಗೆ. ಸ್ಯಾನಿಟೈಸರ್‌ನಲ್ಲಿ ಮದ್ಯಸಾರವಿದೆ, ಒಲೆ, ದೀಪದ ಹತ್ತಿರ ಬೇಡ.

5. ದಿನಸಿ ತರುವಾಗ ಉಪ್ಪಿನಕಾಯಿ, ಹಪ್ಪಳ, ಬಿಸ್ಕತ್ತುಗಳನ್ನೇ ರಾಶಿ ಹಾಕಬೇಡಿರಿ. ಉಪ್ಪು ರಕ್ತದೊತ್ತಡ ಏರಿಸುತ್ತದೆ. ಜೋಳ, ಬೇಳೆ, ಕಾಳು ಕೆಡದೆ ಇರುತ್ತವೆ, ಒಳ್ಳೆಯದನ್ನೂ ಮಾಡುತ್ತವೆ.

6. ಹಬ್ಬದ ಹಿಂದಿನ ಸಂಜೆ ಅಂಗಡಿಗೆ ಹೋಗಬೇಡಿರಿ. ನಾಲ್ಕೈದು ದಿನ ಮುಂಚೆ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಮನೆಯಿಂದ ಒಬ್ಬರೇ ಹೋಗಿರಿ. ವಯಸ್ಸಾದವರ ಚೀಟಿಯನ್ನು ಯುವಕರು ಒಯ್ಯಲಿ.

ಬಂಧುಗಳೆ, ಸಂಗ್ರಹಿಸಿಡಲಾಗದ ಚಿಕಿತ್ಸೆಗಳೂ ಇವೆ. ಡಯಾಲಿಸಿಸ್ ಅನ್ನು ಡಬ್ಬಿಯಲ್ಲಿ ತುಂಬಿಡಲು ಬರುವುದಿಲ್ಲ. ಹೆರಿಗೆ ನೋವು ರಜೆ ನೋಡಿ ಬರುವುದಿಲ್ಲ. ಅಂಥವರು ರಜೆಯ ದಿನ ಎಲ್ಲಿಗೆ, ಯಾವ ಗಾಡಿಯಲ್ಲಿ ಹೋಗಬೇಕೆಂಬುದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿರಿ. ತುರ್ತಿಗೆ 108 ಇದೆ.

ಕೂಡಿಡಲು ಕಾಸೇ ಇಲ್ಲದವರೂ ಇದ್ದಾರೆ. ದಿನದ ಕೂಲಿಯಲ್ಲಿ ಆ ದಿನದ ಹಿಟ್ಟು ತರುವವರಿಗೆ ‘ತಿಂಗಳ ಸಾಮಾನು ತಂದಿಡಿ’ ಎಂದರೆ ಅದು ಉಪದೇಶವಲ್ಲ, ಅಣಕ. 2020ರಲ್ಲಿ ಅಂಥವರ ಹಸಿವಿಗೆ ನಾಡಿನ ಎಷ್ಟೋ ಮಠಗಳ, ಸಂಘಸಂಸ್ಥೆಗಳ ಒಲೆಗಳು ಉರಿದವು. ದಾಸೋಹವೆಂದರೆ ಇಲ್ಲದವರ ಸಲುವಾಗಿ ಊರೇ ಕೂಡಿ ಇಟ್ಟ ಸಂಗ್ರಹ. ಆದ್ದರಿಂದ ನಿಮ್ಮ ಗುಳಿಗೆ ಎಣಿಸುವಾಗ ಓಣಿಯಲ್ಲಿ ಒಂಟಿಯಾಗಿರುವ ಅಜ್ಜಿಯ ಗುಳಿಗೆಯನ್ನೂ ಒಮ್ಮೆ ಕೇಳಿರಿ. ಅವರ ಚೀಟಿ ಹಿಡಿದು ಅಂಗಡಿಗೆ ಹೋಗುವುದೂ ಕಾಯಕವೇ. ಆದರೆ ನಿಮ್ಮ ಗುಳಿಗೆಯನ್ನು ಅವರಿಗೆ ಕೊಡಬೇಡಿರಿ. ಒಬ್ಬರ ಔಷಧ ಇನ್ನೊಬ್ಬರಿಗೆ ವಿಷವಾದೀತು.

ಈ ಆಗಸ್ಟ್ 15ರಂದು ಧ್ವಜವಂದನೆಗೆ ಹೊರಡುವ ಮುನ್ನ ಬೆಳಗಿನ ಗುಳಿಗೆ ನುಂಗಿ ಹೊರಡಿರಿ. ಆ ಗುಳಿಗೆ ಮನೆಯಲ್ಲಿದೆಯೇ ಎಂದು ಇವತ್ತೇ ನೋಡಿರಿ.