ಬ್ರಾಹ್ಮಿ: ಕುಂಡದ ಸೊಪ್ಪು, ಸೀಸೆಯ ಟಾನಿಕ್



ಪರೀಕ್ಷೆ ಹತ್ತಿರವಾಯಿತೆಂದರೆ ಔಷಧಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಕೆಲವು ಸೀಸೆಗಳು ಮುಂದಿನ ಸಾಲಿಗೆ ಬರುವುದನ್ನು ನೀವು ಗಮನಿಸಿರಬಹುದು. ಹಸಿರು ಎಲೆಯ ಚಿತ್ರ, ಪಕ್ಕದಲ್ಲಿ ಕನ್ನಡಕ ಹಾಕಿದ ಹುಡುಗ, ಮೇಲೆ ದಪ್ಪಕ್ಷರದಲ್ಲಿ 'ಬ್ರಾಹ್ಮಿ'. ನಾನೂ ಪಿಯುಸಿಯಲ್ಲಿ ಕುಡಿದವನೇ. ರಸಾಯನಶಾಸ್ತ್ರದಲ್ಲಿ ಬಂದ ಅಂಕಗಳನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

ಈ ವಿಷಯದ ಮೇಲೆ ಕಾರ್ಯಕ್ರಮ ತಯಾರಿಸುವಾಗ ಮೊದಲ ಎಡವಟ್ಟು ನಮ್ಮದೇ ಆಯಿತು. ಒಂದು ಕುಂಡ ಬ್ರಾಹ್ಮಿ ತನ್ನಿ ಎಂದಿದ್ದೆ. ಸ್ಟುಡಿಯೋಗೆ ಬಂದದ್ದು ಒಂದೆಲಗ. ಅತಿಥಿಯಾಗಿ ಬಂದಿದ್ದ ಸಸ್ಯಶಾಸ್ತ್ರದ ಅಧ್ಯಾಪಕರು ಮೆಲ್ಲಗೆ ಕೇಳಿದರು: "ನಿಮ್ಮ ಬರಹದಲ್ಲಿರುವುದು ಬಕೋಪ, ಕುಂಡದಲ್ಲಿರುವುದು ಸೆಂಟೆಲ್ಲ. ಯಾವುದನ್ನು ಇಟ್ಟುಕೊಳ್ಳುತ್ತೀರಿ?"

ಒಂದೆಲಗದ ಶಾಸ್ತ್ರೀಯ ಹೆಸರು ಸೆಂಟೆಲ್ಲ ಏಷಿಯಾಟಿಕ, ಕೊತ್ತಂಬರಿಯ ಕುಟುಂಬದ್ದು. ಮೂತ್ರಪಿಂಡದ ಆಕಾರದ ಎಲೆ, ನೆಲಕ್ಕಂಟಿ ಹರಿಯುವ ಬಳ್ಳಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ತಂಬುಳಿಯಾಗುವುದು ಇದೇ. ಚರಕಸಂಹಿತೆ ಬುದ್ಧಿಶಕ್ತಿಗೆ ಒಳ್ಳೆಯದೆಂದು ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಮೊದಲನೆಯದಾದ ಮಂಡೂಕಪರ್ಣಿಯೂ ಇದೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಬಕೋಪ ಮೊನಿಯೆರಿ ಎಂಬ ನೀರು ಬ್ರಾಹ್ಮಿ ಬೇರೆಯೇ ಗಿಡ. ಗದ್ದೆಯ ಬದು, ಕೆರೆಯಂಚಿನ ಕೆಸರಿನಲ್ಲಿ ಬೆಳೆಯುತ್ತದೆ; ಎಲೆ ಚಿಕ್ಕದು, ರಸಭರಿತ, ಬಾಯಿಗಿಟ್ಟರೆ ಕಹಿ. ಕೇರಳದಲ್ಲಿ ಬ್ರಾಹ್ಮಿ ಎಂದರೆ ಇದು, ನಮ್ಮ ಅನೇಕ ಊರುಗಳಲ್ಲಿ ಬ್ರಾಹ್ಮಿ ಎಂದರೆ ಒಂದೆಲಗ. ಆದ್ದರಿಂದ ಸೀಸೆಯ ಮೇಲಿನ ಚಿತ್ರವನ್ನು ನೋಡಬೇಡಿ, ಸಣ್ಣಕ್ಷರದ ಲ್ಯಾಟಿನ್ ಹೆಸರನ್ನು ಓದಿ.

ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಬಕೋಪ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ರಸಾಯನಶಾಸ್ತ್ರಜ್ಞರು 1960ರ ದಶಕದಲ್ಲೇ ಅದರ ಬಕೋಸೈಡ್ ಎಂಬ ಸಂಯುಕ್ತಗಳನ್ನು ಬೇರ್ಪಡಿಸಿದ್ದರು. ಆಸ್ಟ್ರೇಲಿಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 46 ಆರೋಗ್ಯವಂತ ವಯಸ್ಕರು ಭಾಗವಹಿಸಿದ್ದರು. ಕೆಲವರಿಗೆ ದಿನಕ್ಕೆ 300 ಮಿಲಿಗ್ರಾಂ ಸಾರ, ಉಳಿದವರಿಗೆ ನೋಡಲು ಅದೇ ತರಹದ ಹುಸಿಗುಳಿಗೆ. 12 ವಾರಗಳ ನಂತರ ಸಾರ ತಿಂದವರು ಕಲಿಯುವ ವೇಗದಲ್ಲೂ ನೆನಪಿನಲ್ಲೂ ಸ್ವಲ್ಪ ಮುಂದಿದ್ದರು. ಮರುವರ್ಷ 40ರಿಂದ 65ರ ವಯಸ್ಸಿನ 76 ಜನರ ಮೇಲೆ ಇನ್ನೊಂದು ತಂಡ ನಡೆಸಿದ ಪರೀಕ್ಷೆಯಲ್ಲಿ ಕಲಿಯುವ ವೇಗ ಬದಲಾಗಲಿಲ್ಲ. ಕಲಿತದ್ದನ್ನು ಮರೆಯುವುದು ಮಾತ್ರ ನಿಧಾನವಾಯಿತು. ಎರಡೂ ಫಲಿತಾಂಶ ಒಂದೇ ಅಲ್ಲ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗುರುತಿಸಿರುತ್ತೀರಿ. ಒಂದೇ ಒಂದು ಬಾರಿ 300 ಮಿಲಿಗ್ರಾಂ ಕೊಟ್ಟು ಎರಡು ಗಂಟೆಯ ನಂತರ ಪರೀಕ್ಷಿಸಿದಾಗ ಯಾವ ಪರಿಣಾಮವೂ ಕಾಣಲಿಲ್ಲ. ಹಾಲ್ ಟಿಕೆಟ್ ಬಂದ ಮೇಲೆ ಟಾನಿಕ್ ಕೊಳ್ಳುವವರಿಗೆ ಇದನ್ನು ಹೇಳಲೇಬೇಕು. ಮೇಲಾಗಿ ಈ ಮೂರೂ ಪರೀಕ್ಷೆಗಳಲ್ಲಿ ಎಸ್ಸೆಸ್ಸೆಲ್ಸಿ ವಯಸ್ಸಿನ ಒಬ್ಬರೂ ಇರಲಿಲ್ಲ.

ಇನ್ನು ಅಪಾಯದ ಮಾತು. ಹೊಟ್ಟೆ ತೊಳಸುವುದು, ಹೊಟ್ಟೆ ಹಿಡಿದುಕೊಳ್ಳುವುದು, ಪದೇ ಪದೇ ಶೌಚಕ್ಕೆ ಹೋಗುವುದು, ಇವು ಬಕೋಪ ತಿಂದವರಲ್ಲಿ ಸಾಮಾನ್ಯ. ಇಲಿಗಳಲ್ಲಿ ಹೆಚ್ಚಿನ ಪ್ರಮಾಣ ಥೈರಾಯ್ಡ್ ಹಾರ್ಮೋನನ್ನು ಏರಿಸಿದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಅದು ತಡೆದಿದೆ. ಒಂದೆಲಗದ ಗುಳಿಗೆ ತಿಂದವರಲ್ಲಿ ಯಕೃತ್ತಿಗೆ ಏಟು ಬಿದ್ದ ಕೆಲವು ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಅಪರೂಪ, ಆದರೆ ಇವೆ. ನೀರು ಬ್ರಾಹ್ಮಿ ತಾನು ನಿಂತ ಕೆಸರಿನಿಂದ ಸೀಸ, ಕ್ಯಾಡ್ಮಿಯಂಗಳನ್ನೂ ಹೀರಿಕೊಳ್ಳಬಲ್ಲದು. ಊರಿನ ಕೊಳಚೆ ಬಂದು ಸೇರುವ ಕೆರೆಯ ಸೊಪ್ಪಾದರೆ ಗತಿ ಏನು? ಅಂತರಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಔಷಧಗಳನ್ನು ಅಮೆರಿಕದ ಸಂಶೋಧಕರು ತರಿಸಿ ಪರೀಕ್ಷಿಸಿದ ವರದಿ 2008ರಲ್ಲಿ ಬಂತು. ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು.

ಕಾರ್ಯಕ್ರಮ ಪ್ರಸಾರವಾಗುವ ಮೊದಲೇ, ಬರೀ ಪ್ರಕಟಣೆ ನೋಡಿ, ಒಬ್ಬ ತಾಯಿ ಪತ್ರ ಬರೆದರು. ಮಗನಿಗೆ ಹದಿನಾರು ವರ್ಷ, ಮೂರ್ಛೆರೋಗಕ್ಕೆ ದಿನವೂ ಮಾತ್ರೆ. ಮಾತ್ರೆಯಿಂದ ಮಂಕು ಕವಿದು ಓದಲಾಗುತ್ತಿಲ್ಲವಂತೆ. ಬ್ರಾಹ್ಮಿ ಮೂರ್ಛೆಗೂ ಒಳ್ಳೆಯದೆಂದು ಯಾರೋ ಹೇಳಿದ್ದಾರೆ; ಪರೀಕ್ಷೆ ಮುಗಿಯುವವರೆಗೆ ಮಾತ್ರೆ ಬಿಡಿಸಿ ಟಾನಿಕ್ ಕೊಡಲೇ, ಎಂದು ಕೇಳಿದ್ದರು. ಹಳೆಯ ವೈದ್ಯಗ್ರಂಥಗಳು ಬ್ರಾಹ್ಮಿಯನ್ನು ಅಪಸ್ಮಾರಕ್ಕೆ ಹೇಳಿರುವುದು ನಿಜ. ಆದರೆ ಮೂರ್ಛೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಸೆಳವು ಬಂದು ಜೀವಕ್ಕೇ ಕುತ್ತಾಗಬಹುದು. ಅದರ ಜಾಗದಲ್ಲಿ ಈ ಸೊಪ್ಪು ನಿಲ್ಲಬಲ್ಲದೆಂದು ಯಾವ ಪರೀಕ್ಷೆಯೂ ತೋರಿಸಿಲ್ಲ.

ಪತ್ರಕ್ಕೆ ಪತ್ರ ಬರೆಯುತ್ತಾ ಕೂರಲಿಲ್ಲ. ಅವರು ಕೊಟ್ಟಿದ್ದ ನೆರೆಮನೆಯ ಸಂಖ್ಯೆಗೆ ಆ ಸಂಜೆಯೇ ದೂರವಾಣಿ ಮಾಡಿದೆ. ಮಾತ್ರೆ ಬಿಡಿಸಬೇಡಿ, ಮಂಕು ಕವಿಯುವ ಸಂಗತಿಯನ್ನು ವೈದ್ಯರಿಗೆ ಹೇಳಿ, ಟಾನಿಕ್ ಸೀಸೆಯನ್ನೂ ಜೊತೆಗೆ ಒಯ್ಯಿರಿ ಎಂದೆ. ಎರಡು ವಾರಗಳ ನಂತರ ಅವರಿಂದ ಒಂದು ಕಾರ್ಡು ಬಂತು. ವೈದ್ಯರು ಮಾತ್ರೆಯ ಪ್ರಮಾಣವನ್ನು ಹೊಂದಿಸಿಕೊಟ್ಟಿದ್ದಾರೆ, ಸೀಸೆ ಬೇಡವೆಂದಿದ್ದಾರೆ, ಊಟಕ್ಕೆ ಎಂದಾದರೊಮ್ಮೆ ಒಂದೆಲಗದ ತಂಬುಳಿಗೆ ಅಡ್ಡಿಯಿಲ್ಲವಂತೆ.